ಹೇಳದೆ ಎದ್ದು ಬಂದವನು

ಡೆಲ್ಮಿ ತನ್ನ ಜೊತೆ ಮಾತು ಬಿಟ್ಟಿದ್ದಾಳೆ ಎನ್ನುವುದು ಈಶಣ್ಣನ ಕಾರಿನಲ್ಲಿ ಸೀಟ್ ಬೆಲ್ಟ್ ಎಳೆದುಕೊಳ್ಳುವಾಗ ದಿವಾಕರನಿಗೆ ಮತ್ತೆ ನೆನಪಾಯಿತು. ಮತ್ತೆ ಎಂದರೆ, ಹಲ್ಲುಜ್ಜುವಾಗ ಒಂದು ಸಲ, ಫಿಲ್ಟರಿಗೆ ಬಿಸಿನೀರು ಹುಯ್ಯುವಾಗ ಒಂದು ಸಲ ನೆನಪಾಗಿ, ಮರೆತಂತೆ ಮಾಡಿದ್ದಾಗಿತ್ತು. ಮಾತು ಬಿಟ್ಟಿದ್ದಾಳೆ ಎನ್ನುವುದೂ ಪೂರ್ತಿ ನಿಜವಲ್ಲ. ಆಫೀಸಿನಲ್ಲಿ ಎದುರಾದರೆ ಗುಡ್ ಮಾರ್ನಿಂಗ್ ಅನ್ನುತ್ತಾಳೆ. ಕೇಳಿದ್ದಕ್ಕೆ ಮೇಲ್‌ನಲ್ಲಿ ಉತ್ತರ ಬರೆಯುತ್ತಾಳೆ, ಕೊನೆಗೆ ಥ್ಯಾಂಕ್ಸ್ ಎಂದೂ ಹಾಕುತ್ತಾಳೆ. ಆದರೆ ಮಧ್ಯಾಹ್ನ ತನ್ನ ಡಬ್ಬಿ ಹಿಡಿದು ಅವನ ಟೇಬಲ್ಲಿಗೆ ಬರುತ್ತಿದ್ದವಳು ಈಗ ಬರುವುದಿಲ್ಲ. ಡೆಲ್ಮಿಯ ದೇಶ ಸಾಲ್ವಡಾರಿನಲ್ಲಿ ದೊಡ್ಡವರ ಹೆಸರಿಗೆ ಡಾನ್ ಎಂದು ಸೇರಿಸುತ್ತಾರಂತೆ. ಅರ್ಧ ಗೌರವಕ್ಕೆ ಅರ್ಧ ತಮಾಷೆಗೆ ಅವನನ್ನು 'ಡಾನ್ ದಿವಾ' ಎಂದು ಕರೆಯುತ್ತಿದ್ದವಳು ಈಗ ಮಿಸ್ಟರ್ ದಿವಾಕರ್ ಎನ್ನುತ್ತಾಳೆ. ಇಂಗ್ಲಿಷಿನಲ್ಲಿ ನೀನೂ ಒಂದೇ, ನೀವೂ ಒಂದೇ. ಆದರೂ ಅವಳು ಬಹುವಚನಕ್ಕೆ ಹೋಗಿರುವುದು ಅವನ ಕಿವಿಗೆ ಚೆನ್ನಾಗಿ ಕೇಳುತ್ತಿತ್ತು. ಐವತ್ತು ದಾಟಿದ ಗಂಡಸು ಇಂಥದ್ದಕ್ಕೆಲ್ಲ ಕೊರಗುವುದು ನಾಚಿಕೆಗೇಡು ಎಂದು ತನಗೆ ತಾನೇ ಹೇಳಿಕೊಂಡ. ನಾಚಿಕೆಯಾಯಿತು, ಕೊರಗು ಹೋಗಲಿಲ್ಲ.

"ಏನಯ್ಯಾ, ಬೆಳಿಗ್ಗೆ ಬೆಳಿಗ್ಗೇನೆ ಹರಳೆಣ್ಣೆ ಕುಡ್ದಂಗೆ ಮುಖ ಮಾಡ್ಕೊಂಡಿದೀಯ?" ಎಂದ ಈಶಣ್ಣ. ನ್ಯೂಯಾರ್ಕಿನ ಆಚೆಯ ಐಸೆಲಿನ್‌ನಲ್ಲಿ ದಿವಾಕರನಿರುವ ಅಪಾರ್ಟ್‌ಮೆಂಟಿನಲ್ಲೇ ಮಗಳ ಜೊತೆ ಇರುವ, ರಿಟೈರಾದ ಮೇಲೆ ಮಂಡ್ಯದಿಂದ ಬಂದ ಈಶಣ್ಣ ಸುತ್ತಲಿನ ಕನ್ನಡದವರಿಗೆಲ್ಲ ಶಾಸ್ತ್ರ ಸಂಪ್ರದಾಯದ ವಿಷಯದಲ್ಲಿ ಹೈಕೋರ್ಟು.

"ಏನಿಲ್ಲ ಈಶಣ್ಣ. ಮೆಟಚೆನ್‌ನಲ್ಲಿ ಒಬ್ಬ ಡೇನ್ ಸಿಕ್ಕಿದಾನೆ. ಮನೇಗೇ ಬನ್ನಿ ಅಂದಿದಾನೆ, ಇಂಟರ್‌ವ್ಯೂಗೆ."

"ಡೇನ್ ಅಂದ್ರೆ ಆ ಎತ್ತರದ ನಾಯಿ ಅಲ್ವೇನೋ?"

"ಮನುಷ್ಯರೂ ಇದಾರೆ. ಡೆನ್ಮಾರ್ಕ್‌ನೋರು."

"ಇರ್ಲಿ ಬಿಡು. ಊರು ಅಂದ್ಮೇಲೆ ಎಲ್ಲಾರೂ ಇರ್ತಾರೆ," ಎಂದು ಈಶಣ್ಣ ಸಿಗ್ನಲ್ಲು ಹಸಿರಾಗುವ ಮೊದಲೇ ಗಾಡಿ ಎತ್ತಿದ.

ಡೇನರು ಇದ್ದಾರೆ, ಆದರೆ ಸಿಗುವುದಿಲ್ಲ. ಕಳೆದ ವರ್ಷದಿಂದ ದಿವಾಕರನ ಕೆಲಸವೇ ಅದು. ಮ್ಯಾನ್‌ಹಟನ್ನಿನಲ್ಲಿ ಅವನಿರುವ ಸಣ್ಣ ಸಂಶೋಧನಾ ಸಂಸ್ಥೆ ಅಮೆರಿಕದಲ್ಲಿರುವ ಸಾಲ್ವಡಾರ್ ಮೂಲದವರ ಮತ್ತು ಡೆನ್ಮಾರ್ಕ್ ಮೂಲದವರ ಆರ್ಥಿಕ ಸ್ಥಿತಿಯನ್ನು ಅಕ್ಕಪಕ್ಕ ಇಟ್ಟು ಒಂದು ವರದಿ ಮಾಡುತ್ತಿತ್ತು. ಯುದ್ಧಕ್ಕೆ ಹೆದರಿ ಮೊನ್ನೆ ಮೊನ್ನೆ ಬಂದವರು ಒಂದು ಕಡೆ, ಮುತ್ತಜ್ಜಂದಿರ ಕಾಲದಲ್ಲಿ ಹಡಗು ಹತ್ತಿ ಬಂದವರು ಇನ್ನೊಂದು ಕಡೆ. ಆದಾಯ, ಸ್ವಂತ ಮನೆ, ವಿಮೆ, ಓದು, ಒಂದು ಕೋಣೆಗೆ ಎಷ್ಟು ಜನ. ಅಂಕಿಗಳು ಸರ್ಕಾರದವು, ಅವಕ್ಕೆ ಉಸಿರು ತುಂಬಲು ಎರಡೂ ಕಡೆ ಕೆಲವು ಮನೆಗಳಿಗೆ ಹೋಗಿ ಮಾತಾಡಿಸಬೇಕಿತ್ತು. ಸಾಲ್ವಡಾರಿನವರ ಮನೆಗಳು ಡೆಲ್ಮಿಯವು, ಡೇನರು ಅವನ ಪಾಲಿಗೆ. "ನನ್ನೋರು ಬೇಕಾದ್ರೆ ಯಾವ ಹೋಟೆಲ್ಲಿಗೆ ಬೇಕಾದ್ರೂ ಹೋಗು, ಅಡಿಗೆಮನೆ ಬಾಗಿಲಲ್ಲಿ ಇಣುಕು," ಎಂದು ಡೆಲ್ಮಿ ರೇಗಿಸುತ್ತಿದ್ದಳು, "ನಿನ್ನೋರು ಎಲ್ಲಿ ಡಾನ್ ದಿವಾ? ಹಾಳೆ ಮೇಲೆ ಬಿಟ್ರೆ ಎಲ್ಲೂ ಕಾಣಲ್ವಲ್ಲ?" ಅವನು ನಗುತ್ತಿದ್ದ. ಅವಳ ಡಬ್ಬಿಯ ಪುಪುಸಾ ಎಂದರೆ ಮುಸುಕಿನ ಜೋಳದ ಹಿಟ್ಟಿನೊಳಗೆ ಕಾಳಿನ ಹೂರಣ ತುಂಬಿ ಬೇಯಿಸಿದ ದಪ್ಪ ರೊಟ್ಟಿ. ಇವನು ಮಾಂಸ ತಿನ್ನುವುದಿಲ್ಲ ಎಂದು ಕಾಳಿನದ್ದನ್ನೇ ಎರಡು ಹೆಚ್ಚು ತರುತ್ತಿದ್ದಳು. ಅವಳು ಅವನ ಚಿತ್ರಾನ್ನ ತಿಂದು, ಕಡಲೆಬೇಳೆ ಹಲ್ಲಿಗೆ ಸಿಕ್ಕಾಗಲೆಲ್ಲ ಇದು ಕಲ್ಲಲ್ಲ ತಾನೇ ಎಂದು ಕೇಳುತ್ತಿದ್ದಳು. ಹೆಂಡತಿ ಗಾರ್ಗಿ ಬೇರೆಯಾಗಿ ಡಾಲಸ್‌ಗೆ ಹೋದ ಮೇಲೆ ಅವನ ಎದುರು ಕೂತು ತಿನ್ನುತ್ತಿದ್ದ ಮನುಷ್ಯಜೀವಿ ಎಂದರೆ ಡೆಲ್ಮಿ ಒಬ್ಬಳೇ. ಭಾರತದಿಂದ ಬಂದವರ ಅಂಕಿಗಳನ್ನು ಅವನು ಕುತೂಹಲಕ್ಕೆ ಒಮ್ಮೆ ತೆಗೆದು ನೋಡಿದ್ದ. ಎರಡೂ ಗುಂಪಿಗಿಂತ ಮೇಲಿದ್ದವು. ಅಂಕಿ ಅಂಶದ ಪ್ರಕಾರ ಅವನಷ್ಟು ಸುಖಿ ಯಾರೂ ಇರಲಿಲ್ಲ.

ಮೆಟಚೆನ್‌ನ ಮನೆಯ ಬಾಗಿಲು ತೆಗೆದ ನೀಲ್ಸ್ ಹೋಲ್ಮ್‌ಗಾರ್ಡ್ ಅವನನ್ನು ಮೇಲಿಂದ ಕೆಳಗೆ ನೋಡಿ, "ಇಂಟರ್‌ನೆಟ್ ರಿಪೇರಿಯವನು ನಾಳೆ ಬರ್ತೀನಿ ಅಂದಿದ್ದ," ಎಂದ. ತಾನು ಆ ಪೈಕಿಯವನಲ್ಲ, ಫೋನ್ ಮಾಡಿದ್ದ ಸಂಶೋಧಕ ಎಂದು ಹೇಳುವಾಗ ದಿವಾಕರನ ದನಿ ತಾನಾಗಿ ಸಣ್ಣದಾಯಿತು. ಇಪ್ಪತ್ತು ವರ್ಷವಾದರೂ ಈ ದೇಶದಲ್ಲಿ ಯಾರದಾದರೂ ಬಾಗಿಲ ಮುಂದೆ ನಿಂತಾಗ ಅವನು ಏನನ್ನೋ ಮಾರಲು ಬಂದವನಂತೆಯೇ ನಿಲ್ಲುತ್ತಿದ್ದ. ಮುದುಕ ಮುಜುಗರಪಟ್ಟು ಒಳಗೆ ಕರೆದ. ಮನೆ ದೊಡ್ಡದು, ಚೊಕ್ಕಟ. ಅಜ್ಜ ಪಕ್ಕದ ಊರಾದ ಪರ್ತ್ ಆಂಬಾಯ್‌ನ ಇಟ್ಟಿಗೆ ಗೂಡಿಗೆ ಕೂಲಿಗೆ ಬಂದವನಂತೆ, ಅಪ್ಪ ಫೋರ್‌ಮನ್, ತಾನು ಔಷಧಿ ಕಂಪನಿಯಲ್ಲಿ ಇದ್ದವನು, ಈಗ ಪೆನ್ಷನ್. ಡೇನಿಷ್ ಬರುತ್ತದೆಯೇ ಎಂದರೆ ಬರುವುದಿಲ್ಲ. ಡೇನರು ಯಾರಾದರೂ ಗೊತ್ತೇ ಎಂದರೆ, "ಸಮಾಜದ ಒಂದು ಹಾಲ್ ಇತ್ತು. ನಾನು ಹುಡುಗನಾಗಿದ್ದಾಗ ಅಲ್ಲಿ ಡ್ಯಾನ್ಸ್ ಮಾಡ್ತಿದ್ರು. ಈಗ ಅದು ಚರ್ಚು, ಸ್ಪ್ಯಾನಿಷ್‌ನಲ್ಲಿ ಹಾಡ್ತಾರೆ. ಚೆನ್ನಾಗೇ ಹಾಡ್ತಾರೆ," ಎಂದ. ಮತ್ತೆ ಸರ್ಕಾರದ ಜನಗಣತಿ ಹಾಳೆಯಲ್ಲಿ ಡೇನಿಷ್ ಎಂದು ಯಾಕೆ ಬರೆದಿರಿ ಎಂದು ದಿವಾಕರ ಕೇಳಿದ. "ಏನಾದ್ರೂ ಬರೀಬೇಕಿತ್ತಲ್ಲ," ಎಂದ ಮುದುಕ.

ಎಷ್ಟು ಕೋಣೆ ಎಂದು ಕೇಳುವ ಮೊದಲೇ ದಿವಾಕರನ ಕಣ್ಣು ಬಾಗಿಲುಗಳ ಮೇಲೆ ಹರಿದಿತ್ತು. ಇದು ಕಸುಬಿನ ಚಾಳಿ. ಹೆಂಪ್‌ಸ್ಟೆಡ್‌ನ ಆ ಸಂಜೆಯೂ ಹಾಗೇ ಹರಿದಿತ್ತು. ಲಾಂಗ್ ಐಲೆಂಡಿನ ಹೆಂಪ್‌ಸ್ಟೆಡ್‌ನಲ್ಲಿ ಅಣ್ಣನ ಮನೆಯ ಬೇಸ್‌ಮೆಂಟಿನಲ್ಲಿ ಡೆಲ್ಮಿಯ ಸಂಸಾರ. ಫೆಬ್ರವರಿಯಲ್ಲಿ ಅವಳ ತಾಯಿ ತೀರಿಕೊಂಡಾಗ, ಒಂಬತ್ತು ಸಂಜೆ ಪ್ರಾರ್ಥನೆ ಇಟ್ಟಿದ್ದೇವೆ, ಯಾವತ್ತಾದರೂ ಬಾ ಎಂದು ಅವಳು ಕರೆದಿದ್ದಳು. ಹೋಗುವ ಮುಂಚೆ ಅವನು ಈಶಣ್ಣನನ್ನು ಕೇಳಿದ್ದ. ಕೇಳಬೇಕಾಗಿಯೇ ಇರಲಿಲ್ಲ, ಅವನಿಗೂ ಗೊತ್ತಿದ್ದದ್ದೇ. "ಸಾವಿನ ಮನೆ ಕಣಯ್ಯಾ, ಯಾರದಾದ್ರೇನು? ಮುಖ ತೋರ್ಸು, ಒಂದು ಗಳಿಗೆ ಕೂತ್ಕೋ. ನೀರೂ ಮುಟ್ಬೇಡ. ಹೋಗ್ಬರ್ತೀನಿ ಗೀಗ್ಬರ್ತೀನಿ ಅಂತ ಬಾಯಿ ತಪ್ಪಿನೂ ಅನ್ಬೇಡ, ಅಂಥಾ ಮನೆಗೆ ಮತ್ತೆ ಬರೋ ಹಂಗಾಗ್ಬಾರ್ದು ನೋಡು. ಸುಮ್ನೆ ಎದ್ದು ಬಂದ್ಬಿಡು. ಬಂದು ಸ್ನಾನ ಮಾಡು," ಎಂದಿದ್ದ. ಕಡಿದಾದ ಮೆಟ್ಟಿಲು ಇಳಿದು ಹೋದರೆ ತಗ್ಗು ಸೂರಿನ ಎರಡು ಕೋಣೆ, ಕಾಲಿಡಲು ಜಾಗವಿಲ್ಲದಷ್ಟು ಜನ. ಮುದುಕಿಯ ಫೋಟೋ, ಅದರ ಮುಂದೆ ಬಿಳಿ ಹೂವು, ಮೇಣದ ಬತ್ತಿ. ಜಪಮಾಲೆ ಹಿಡಿದ ಹೆಂಗಸರು ಒಂದೇ ಉಸಿರಿಗೆ ಏನನ್ನೋ ಹೇಳುತ್ತಿದ್ದರು, ಉಳಿದವರು ಅದಕ್ಕೆ ದನಿಗೂಡಿಸುತ್ತಿದ್ದರು. ಗೋಡೆಗೆ ಒರಗಿ ಕೂತವರಲ್ಲಿ ಕೆಲಸದ ಬೂಟು ಬಿಚ್ಚದ ಗಂಡಸರಿದ್ದರು, ಮಡಿಲಲ್ಲಿ ಮಕ್ಕಳು ನಿದ್ದೆ ಹೋಗಿದ್ದವು. ಡೆಲ್ಮಿ ಅಳುತ್ತಿರಲಿಲ್ಲ, ಎಲ್ಲರಿಗೂ ಕಾಫಿ ಕೊಡುತ್ತಿದ್ದಳು. ಅವನಿಗೂ ತಂದಳು. ಅವನು ಎರಡೂ ಕೈ ಎತ್ತಿ ಬೇಡ ಎಂದ. ಅವಳ ಚಿಕ್ಕಮ್ಮ ಎಲೆಯಲ್ಲಿ ಸುತ್ತಿ ಬೇಯಿಸಿದ ಏನನ್ನೋ ತಂದು ಅವನ ಮುಂದೆ ಹಿಡಿದಳು, ಇದರಲ್ಲಿ ಮಾಂಸವಿಲ್ಲ ಎಂದು ಡೆಲ್ಮಿ ಹೇಳಿದಳು. ಅವನು ಅದಕ್ಕೂ ಕೈ ಎತ್ತಿದ. ನಂತರ ಪ್ರಾರ್ಥನೆ ಏರಿದಾಗ, ಎಲ್ಲರೂ ಕಣ್ಣು ಮುಚ್ಚಿದ್ದಾಗ, ಸುಮ್ಮನೆ ಎದ್ದು ಬಂದುಬಿಟ್ಟ. ತಾನು ಸರಿಯಾದದ್ದನ್ನು ಸರಿಯಾಗಿ ಮಾಡಿದೆ ಎಂಬ ಸಮಾಧಾನ ರೈಲು ಮ್ಯಾನ್‌ಹಟನ್ನಿನ ಪೆನ್ ಸ್ಟೇಷನ್ ತಲುಪುವ ತನಕ ಇತ್ತು.

"ಕೇಕ್ ತಗೊಳ್ಳಿ," ಎಂದ ನೀಲ್ಸ್. ಏಲಕ್ಕಿ ಹಾಕಿದ್ದ ಕೇಕು. ಏಲಕ್ಕಿಯ ಪರಿಮಳಕ್ಕೆ ದಿವಾಕರನ ಮೈ ಸಡಿಲವಾಯಿತು. ನಮ್ಮಲ್ಲೂ ಸಿಹಿಗೆ ಇದನ್ನೇ ಹಾಕುತ್ತೇವೆ ಎಂದು ಉತ್ಸಾಹದಿಂದ ಹೇಳಿ ಎರಡನೆಯ ಕಪ್ ಕಾಫಿಯನ್ನೂ ಕುಡಿದ, ಎರಡನೆಯ ತುಂಡನ್ನೂ ಕೇಳಿ ಹಾಕಿಸಿಕೊಂಡ. ಹೀಗೆ ಯಾರದೋ ಮನೆಯಲ್ಲಿ ಕೂತು ತಿಂದು ಎಷ್ಟು ಕಾಲವಾಯಿತು ಎನಿಸಿತು. ಬಹಳ ಚೆನ್ನಾಗಿದೆ, ಯಾವ ಬೇಕರಿಯದು ಎಂದು ಕೇಳಿದ. "ನನ್ನ ಹೆಂಡ್ತಿ ಇಂಗ್ರಿಡ್ ಮಾಡಿದ್ದು," ಎಂದ ಮುದುಕ, "ಕ್ರಿಸ್‌ಮಸ್‌ಗೆ ಅಂತ ಜಾಸ್ತಿ ಮಾಡಿ ಫ್ರೀಜರ್‌ನಲ್ಲಿ ಇಟ್ಟಿದ್ಲು. ಜನವರೀಲಿ ಹೋದ್ಲು. ಇನ್ನೂ ಒಂದಿದೆ."

ದಿವಾಕರನ ಬಾಯಲ್ಲಿ ಆ ತುಂಡು ಇನ್ನೂ ಇತ್ತು. ನುಂಗುವುದೋ ಬಿಡುವುದೋ ತಿಳಿಯಲಿಲ್ಲ, ನುಂಗಿದ. ಗೋಡೆಯ ಮೇಲೆ ಫೋಟೋಗೆ ಹೂವಿರಲಿಲ್ಲ, ಒಲೆ ಆರಿಸಿರಲಿಲ್ಲ, ಜನ ಇರಲಿಲ್ಲ. ಇದು ಸಾವಿನ ಮನೆ ಎಂದು ತಿಳಿಯುವುದಾದರೂ ಹೇಗೆ? ಹೆಂಪ್‌ಸ್ಟೆಡ್‌ನಲ್ಲಿ ಬದುಕಿರುವವರು ಕೊಟ್ಟ ಕಾಫಿ ಮುಟ್ಟದವನು ಇಲ್ಲಿ ಸತ್ತವಳ ಕೈಯಡಿಗೆಯನ್ನು ಕೇಳಿ ಹಾಕಿಸಿಕೊಂಡು ತಿಂದಿದ್ದ. ಜನ ಬಂದಿದ್ದರೇ ಎಂದು ಕೇಳಿದ. ಅದು ಪ್ರಶ್ನಾವಳಿಯಲ್ಲಿ ಇರಲಿಲ್ಲ. "ಕಾರ್ಡ್ ಬಂದ್ವು. ತುಂಬಾ ಒಳ್ಳೊಳ್ಳೆ ಕಾರ್ಡು," ಎಂದು ನೀಲ್ಸ್ ಎದ್ದು ಕಪ್ಪುಗಳನ್ನು ಸಿಂಕಿಗೆ ಒಯ್ದ. ಹೊರಡುವಾಗ ಬಾಗಿಲ ಹತ್ತಿರ ಮುದುಕ ಸುಮ್ಮನೆ ನಿಂತುಕೊಂಡ, ಏನನ್ನೋ ಕಾಯುವವನಂತೆ. ಈಶಣ್ಣನ ಪ್ರಕಾರ ಏನೂ ಹೇಳದೆ ಮೆಟ್ಟಿಲಿಳಿಯಬೇಕಿತ್ತು. ಬೈ ಮಿಸ್ಟರ್ ಹೋಲ್ಮ್‌ಗಾರ್ಡ್, ಇನ್ನೊಂದು ಸಲ ಬರುತ್ತೇನೆ ಎಂದು ದಿವಾಕರನ ಬಾಯಿಂದ ಬಂತು. "ಬನ್ನಿ," ಎಂದ ಮುದುಕ ಥಟ್ಟನೆ, "ಬರೋಕ್ಮುಂಚೆ ಫೋನ್ ಮಾಡಿ. ಅಲ್ಲ, ಫೋನ್ ಮಾಡ್ದೆ ಬಂದ್ರೂ ಪರವಾಗಿಲ್ಲ." ತಾನು ಬರುವುದಿಲ್ಲ ಎಂದು ದಿವಾಕರನಿಗೆ ಆಗಲೇ ಗೊತ್ತಿತ್ತು.

ಸ್ಟೇಷನ್ ತನಕ ನಡೆದು ಹೋಗಿ ನ್ಯೂಯಾರ್ಕಿನ ರೈಲು ಹತ್ತಿದ. ಕಿಟಕಿಯಾಚೆ ಗೋದಾಮುಗಳು, ಇನ್ನೂ ಚಿಗುರದ ಮರಗಳು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಪ್ಪನನ್ನು ಮಲಗಿಸಿದ್ದ ದಿನವೂ ಹೀಗೇ ರೈಲುಗಳು ಹೋಗುತ್ತಿದ್ದವು. ಬುಕಿಂಗ್ ಕ್ಲರ್ಕು ಸತ್ತನೆಂದು ರೈಲು ನಿಲ್ಲುವುದಿಲ್ಲವಲ್ಲ. ಹುಡುಗ ದಿವಾಕರ ಜಗಲಿಯ ಮೂಲೆಯಲ್ಲಿ ಮಂಡಿ ಕಟ್ಟಿ ಕೂತಿದ್ದ. ಎಲ್ಲವೂ ಮುಗಿದ ಮೇಲೆ ಅಂಗಳದಲ್ಲಿ ತುಂಬಾ ಜನ ಇದ್ದರು, ಅಪ್ಪನ ಸ್ನೇಹಿತರು, ಪಕ್ಕದ ಲೈನಿನವರು, ಹಣೆ ಒರೆಸಿಕೊಳ್ಳುತ್ತಾ, ಹೊತ್ತು ನೋಡಿಕೊಳ್ಳುತ್ತಾ. ಅವನು ತಲೆ ತಗ್ಗಿಸಿ ಎತ್ತುವಷ್ಟರಲ್ಲಿ ಒಬ್ಬರು ಇರುತ್ತಿರಲಿಲ್ಲ. ಮತ್ತೆ ತಗ್ಗಿಸಿ ಎತ್ತಿದರೆ ಇನ್ನಿಬ್ಬರು. ಯಾರೂ ಹೋಗುತ್ತೇನೆ ಎನ್ನಲಿಲ್ಲ, ಯಾರೂ ತಲೆ ಸವರಲಿಲ್ಲ. ಅದು ಪದ್ಧತಿ, ಅವರ ತಪ್ಪೇನಿಲ್ಲ. ಆದರೆ ಹುಡುಗನಿಗೆ ಪದ್ಧತಿ ಗೊತ್ತಿರಲಿಲ್ಲ. ತಾನು ತಲೆ ತಗ್ಗಿಸುವುದರಿಂದಲೇ ಜನ ಕರಗುತ್ತಿದ್ದಾರೆ ಎಂದುಕೊಂಡು, ಇನ್ನು ತಗ್ಗಿಸಬಾರದೆಂದು ನಿರ್ಧರಿಸಿ, ಉಳಿದವರನ್ನು ಒಬ್ಬೊಬ್ಬರಾಗಿ ಎಣಿಸುತ್ತಾ ಕೂತ. ಎಣಿಸುತ್ತಿದ್ದಾಗಲೂ ಹೋದರು. ಕೊನೆಗೆ ಅಂಗಳದಲ್ಲಿ ಒಂದು ಬಕೆಟ್ ಇತ್ತು. ಅಂದಿನಿಂದ ತನಗೆ ಈ ಚಾಳಿ ಅಂಟಿತೋ, ಇಲ್ಲ ಇಂಥ ಕೆಲಸಕ್ಕೆ ಸೇರಿದ್ದರಿಂದ ಹಳೆಯದನ್ನೆಲ್ಲ ಈಗ ಹೀಗೆ ಜೋಡಿಸಿಕೊಳ್ಳುತ್ತಿದ್ದಾನೋ ಅವನಿಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ: ಹೇಳದೆ ಹೋದರೆ ಉಳಿದವರಿಗೆ ಏನಾಗುತ್ತದೆ ಎನ್ನುವುದು ಅವನಿಗೆ ಬಹಳ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದೂ ಹೆಂಪ್‌ಸ್ಟೆಡ್‌ನಿಂದ ಹಾಗೆ ಎದ್ದು ಬಂದಿದ್ದ. ಡೆಲ್ಮಿಯ ಮುನಿಸಿಗೆ ಕಾರಣ ಅದೇ ಇರಬೇಕು ಎಂದು ನ್ಯೂವಾರ್ಕ್ ದಾಟುವಾಗ ಅವನಿಗೆ ಖಾತ್ರಿಯಾಯಿತು. ಇಷ್ಟು ದಿನ ಹೊಳೆಯದ್ದಕ್ಕೆ ತನ್ನ ಮೇಲೆ ಸಿಟ್ಟು ಬಂತು, ಜೊತೆಗೆ ಒಂದು ಥರದ ಖುಷಿಯೂ. ಹೇಳಿ ಬಿಡಿಸಿದರೆ ಮುಗಿಯಿತು. ಇವತ್ತೇ ಹೇಳಬೇಕು, ಮತ್ತೆ ಒಟ್ಟಿಗೆ ಊಟಕ್ಕೆ ಕೂರಬೇಕು ಎಂದು ಆತುರವಾಯಿತು.

ಆಫೀಸಿಗೆ ಹೋಗುವಷ್ಟರಲ್ಲಿ ಊಟದ ಹೊತ್ತಾಗಿತ್ತು. ಡೆಲ್ಮಿ ಪ್ಯಾಂಟ್ರಿಯಲ್ಲಿ ಒಬ್ಬಳೇ ಇದ್ದಳು, ಮೈಕ್ರೋವೇವಿನಲ್ಲಿ ಡಬ್ಬಿ ತಿರುಗುವುದನ್ನು ನೋಡುತ್ತಾ. ಅವನನ್ನು ಕಂಡು, "ಮಿಸ್ಟರ್ ದಿವಾಕರ್, ನಿಮ್ಮ ಡೇನ್ ಸಿಕ್ಕಿದ್ರಾ?" ಎಂದಳು.

"ಸಿಕ್ಕಿದ್ರು. ಡೆಲ್ಮಿ, ಒಂದು ವಿಷಯ ಹೇಳ್ಬೇಕು," ಎಂದು ಅವನು ಒಂದೇ ಉಸಿರಿಗೆ ಹೇಳಿದ. ನಮ್ಮಲ್ಲಿ ಸಾವಿನ ಮನೆಯಲ್ಲಿ ಏನನ್ನೂ ತಿನ್ನುವುದಿಲ್ಲ. ಹೋಗಿ ಬರುತ್ತೇನೆ ಎನ್ನುವುದಿಲ್ಲ, ಅಂದರೆ ಆ ಮನೆಯಲ್ಲಿ ಮತ್ತೊಂದು ಸಾವು ಬಯಸಿದಂತೆ. ಹೇಳದೆ ಎದ್ದು ಬರುವುದೇ ಮರ್ಯಾದೆ. ನಾನು ನಿಮ್ಮ ತಾಯಿಗೆ ಮರ್ಯಾದೆ ಮಾಡಿದೆ ಅಂದುಕೊಂಡಿದ್ದೆ. ಅವಳು ಕೈಕಟ್ಟಿ ಕೇಳಿದಳು. ಅವಳ ಮುಖ ಮೆಲ್ಲಗೆ ಸಡಿಲವಾಯಿತು, ಕೊನೆಗೆ ನಕ್ಕೇಬಿಟ್ಟಳು.

"ಅಯ್ಯೋ ದೇವ್ರೇ! ನಮ್ಮ ಚಿಕ್ಕಮ್ಮ ಏನಂದ್ಕೊಂಡ್ಲು ಗೊತ್ತಾ? ಆ ಸಾಹೇಬ್ರಿಗೆ ನಮ್ಮನೆ ಗಲೀಜು ಅನ್ನಿಸ್ತು ಅಂದ್ಲು. ಇಲ್ಲ ಚಿಕ್ಕಮ್ಮ, ಅವರು ಅಂಥೋರಲ್ಲ ಅಂದೆ. ಹೇಳೋಕೆ ಇನ್ನೇನೂ ಇರ್ಲಿಲ್ಲ ನನ್ ಹತ್ರ. ಇವತ್ತು ಹೋಗಿ ಹೇಳ್ತೀನಿ. ನಮ್ಮಲ್ಲೂ ಇಂಥವು ಬೇಕಾದಷ್ಟಿವೆ, ಅವಳಿಗೆ ಅರ್ಥ ಆಗತ್ತೆ."

ದಿವಾಕರನ ಎದೆ ಹಗುರವಾಯಿತು. ತನ್ನ ಡಬ್ಬಿ ತೆಗೆದು ಪಕ್ಕದಲ್ಲಿಟ್ಟ. ಮೈಕ್ರೋವೇವ್ ಕೂಗಿ ನಿಂತಿತು. ಅವಳು ಅದನ್ನು ತೆಗೆಯಲಿಲ್ಲ.

"ಅದು ಮುಗೀತು," ಎಂದಳು, ನಗು ಇರಲಿಲ್ಲ. "ಆದ್ರೆ ನೀವು ಅವತ್ತು ಎಣಿಸ್ತಾ ಇದ್ರಿ."

ಅವನು ಏನು ಎಂದು ಕೇಳಲಿಲ್ಲ. ಕೇಳಿದರೆ ಸುಳ್ಳಾಗುತ್ತಿತ್ತು.

"ನಾನು ಕಾಫಿ ತರ್ವಾಗ ನೋಡ್ದೆ. ಗೋಡೆ ಕಡೆಯಿಂದ ಶುರು ಮಾಡಿ ಒಬ್ಬೊಬ್ಬರನ್ನೇ. ನಿಮ್ಮ ತುಟಿ ಅಲ್ಲಾಡ್ತಿತ್ತು. ನಾನೂ ಅದೇ ಕೆಲಸ ಮಾಡೋಳು, ನಂಗೆ ಗೊತ್ತಾಗಲ್ವಾ? ಕೋಣೆ ನೋಡ್ತೀರಿ, ತಲೆ ನೋಡ್ತೀರಿ. ನಾನೂ ಬೇರೆಯೋರ ಮನೇಲಿ ಹಾಗೇ ನೋಡ್ತೀನಿ. ಅವತ್ತು ಅಲ್ಲಿ ನಮ್ಮಮ್ಮ ಇದ್ರು."

ಅರಸೀಕೆರೆಯ ಅಂಗಳವನ್ನು ಹೇಳಿಬಿಡಬಹುದಿತ್ತು. ಜನ ತುಂಬಿದ್ದರೆ ನನಗೆ ಭಯ, ಹೋಗಿಬಿಡುತ್ತಾರೆಂದು ಎಣಿಸುತ್ತೇನೆ, ನಾನು ತಬ್ಬಲಿ ಹುಡುಗ ಎನ್ನಬಹುದಿತ್ತು. ಅದು ಸುಳ್ಳಲ್ಲ. ಅವಳು ಒಳ್ಳೆಯವಳು, ಕರಗುತ್ತಿದ್ದಳು. ಆದರೆ ಆ ಸಂಜೆ ಎಣಿಸುತ್ತಿದ್ದವನ ತಲೆಯಲ್ಲಿ ಅಪ್ಪ ಇರಲಿಲ್ಲ. ಎರಡು ಕೋಣೆಗೆ ಇಷ್ಟು ಜನ ಎಂಬ ಬೆರಗಿತ್ತು; ಬಂದ ನೆಂಟರು ಲೆಕ್ಕಕ್ಕಿಲ್ಲ, ಅಲ್ಲೇ ವಾಸ ಇರುವವರು ಮಾತ್ರ ಎಂಬ ಸಮೀಕ್ಷೆಯ ನಿಯಮ ನೆನಪಾಗಿತ್ತು; ಇವರಲ್ಲಿ ಯಾರು ವಾಸ, ಯಾರು ನೆಂಟರು ಎಂದು ಬೇರ್ಪಡಿಸುವ ಆಟದಲ್ಲಿ ಒಂದು ಬಗೆಯ ಸುಖವೂ ಇತ್ತು. ಹೊರಗೆ ಬಂದು ಚಳಿಗೆ ಮುಖ ಒಡ್ಡಿದಾಗ, ನಾನು ಈ ಪೈಕಿಯವನಲ್ಲ ಎಂಬ ನೆಮ್ಮದಿ ಆಗಿತ್ತು. ಅದನ್ನು ಪದ್ಧತಿ ಎಂದು ಕರೆದುಕೊಂಡು ಮನೆಗೆ ಹೋಗಿ ಸ್ನಾನ ಮಾಡಿದ್ದ.

"ಹೌದು," ಎಂದ. "ಎಣಿಸಿದೆ."

"ಎಷ್ಟು ಬಂತು?"

"ಮೂವತ್ತೊಂದು."

"ನಿಮ್ಮನ್ನೂ ಸೇರಿಸಿ?"

"ಇಲ್ಲ. ಎಣಿಸೋನು ಅದರಲ್ಲಿ ಬರಲ್ಲ."

ಡೆಲ್ಮಿ ತಲೆಯಾಡಿಸಿದಳು, ನಿಯಮ ಅವಳಿಗೂ ಗೊತ್ತಿದ್ದದ್ದೇ. ಮೈಕ್ರೋವೇವಿನಿಂದ ಡಬ್ಬಿ ತೆಗೆದು, ಬಟ್ಟೆಯಲ್ಲಿ ಹಿಡಿದುಕೊಂಡಳು. "ಸೋಮವಾರದಿಂದ ನಾನು ನ್ಯೂವಾರ್ಕಿನ ಬಾಡಿಗೆ ಮನೆಗಳ ಸಮೀಕ್ಷೆ ಕೆಲಸಕ್ಕೆ ಹೋಗ್ತಿದೀನಿ. ನಾನೇ ಕೇಳಿ ಹಾಕಿಸ್ಕೊಂಡೆ. ನಿನಗೆ ಹೇಳಿಯೇ ಹೋಗ್ಬೇಕು ಅಂತ ಇವತ್ತು ಕಾಯ್ತಿದ್ದೆ," ಎಂದಳು. ಅವನ ಕಿವಿಗೆ ನಿನಗೆ ಎಂದೇ ಕೇಳಿತು. "ನಾವು ನಿನ್ನನ್ನ ಸೇರಿಸ್ಕೊಂಡಿದ್ವಿ ಡಾನ್ ದಿವಾ. ಪ್ರಾರ್ಥನೆ ಮುಗಿದು ಕಣ್ಣು ಬಿಟ್ರೆ ನೀನಿಲ್ಲ. ಫೋನ್ ಬಂದು ಹೊರಗೆ ಹೋಗಿರ್ಬೇಕು, ಬರ್ತಾನೆ ಅಂದೆ ನಾನು. ಚಿಕ್ಕಮ್ಮ ನಿನ್ನ ತಟ್ಟೆ ಮುಚ್ಚಿಟ್ಲು. ನಿನಗೆ ದಾರಿ ತಪ್ಪಬಾರ್ದು ಅಂತ ಅಷ್ಟು ಚಳೀಲಿ ಮೇಲಿನ ಬಾಗಿಲು ತೆಗೆದೇ ಇಟ್ಟಿದ್ವಿ. ಮಕ್ಕಳೆಲ್ಲ ಕೋಟು ಹಾಕ್ಕೊಂಡು ಕೂತಿದ್ವು."

ದಿವಾಕರ ಕ್ಷಮಿಸು ಎನ್ನಬೇಕಿತ್ತು, ಹೋಗಬೇಡ ಎನ್ನಬೇಕಿತ್ತು, ಯಾರೂ ಎಲ್ಲಿಯೂ ತನಗಾಗಿ ಹಾಗೆ ಕಾದದ್ದಿಲ್ಲ ಎನ್ನಬೇಕಿತ್ತು. ಅಳು ಬಂದೇಬಿಡುತ್ತದೆ ಎಂದು ಹೆದರಿ ಬಾಯಿ ತೆರೆದ.

"ಎಷ್ಟು ಹೊತ್ತು?" ಎಂದು ಕೇಳಿದ.

ಕೇಳಿದ ಮೇಲೆ ತಾನು ಮತ್ತೆ ಲೆಕ್ಕ ಕೇಳಿದ್ದು ಅವನಿಗೆ ತಿಳಿಯಿತು. ಡೆಲ್ಮಿ ಸಿಟ್ಟಾಗಲಿಲ್ಲ. ಮನೆಯ ಹಿರಿಯರನ್ನು ಮುಟ್ಟುವಂತೆ ಅವನ ತೋಳನ್ನು ಒಮ್ಮೆ ಮುಟ್ಟಿದಳು, ಹೋಗುತ್ತೇನೆ ಎಂದಳು, ಡಬ್ಬಿ ಹಿಡಿದುಕೊಂಡು ಆಚೆ ಹೋಗಿ ಕಿಟಕಿಯ ಹತ್ತಿರದ ಟೇಬಲ್ಲಿನಲ್ಲಿ ಆಫೀಸಿನ ಉಳಿದವರ ಜೊತೆ ಊಟಕ್ಕೆ ಕೂತಳು.